ಕೊಕೊಪೀಟ್ ಇಟ್ಟಿಗೆ: ಡೇರೆ ಹೂವಿಗೆ ಒಪ್ಪುತ್ತದೆ, ಜೆರೇನಿಯಂಗೆ ಮರಳು ಬೆರೆಸಿ

ನರ್ಸರಿಯಲ್ಲಿ ಸಿಗುವ 650 ಗ್ರಾಂ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ 3–4 ಲೀಟರ್ ನೀರು ಕುಡಿದು ಸುಮಾರು 8 ಲೀಟರಿನಷ್ಟು ಉಬ್ಬುತ್ತದೆ. ಮನೆಯಂಗಳದ ಹೂಗಿಡಗಳ ಕಡ್ಡಿ ನೆಡಲು ಒಂದು ಇಟ್ಟಿಗೆ ಧಾರಾಳ.

ಕೊಳ್ಳುವಾಗ ಚೀಟಿಯ ಮೇಲೆ ‘ಲೋ ಇಸಿ’ (ಉಪ್ಪಿನಂಶ ಕಡಿಮೆ) ಎಂದಿದೆಯೇ ನೋಡಿ. ಸರಿಯಾಗಿ ತೊಳೆಯದ ಮಾಲಿನಲ್ಲಿ ಸೋಡಿಯಂ, ಪೊಟ್ಯಾಷಿಯಂ ಉಪ್ಪು ಉಳಿದಿರುತ್ತದೆ. ಎಳೆ ಬೇರಿನ ತುದಿ ಕಂದಿ, ಎಲೆಯಂಚು ಸುಟ್ಟಂತಾಗುವುದು ಇದರಿಂದಲೇ. ಅನುಮಾನವಿದ್ದರೆ ನೆನೆಸಿ, ಹಳೇ ಪಂಚೆಯಲ್ಲಿ ಕಟ್ಟಿ ಹಿಂಡಿ. ಹೀಗೆ ಮೂರು ಸಲ. ಕಷಾಯದಂಥ ಬಣ್ಣ ಹೋದರೆ ಉಪ್ಪೂ ಹೋಯಿತು ಅಂದುಕೊಳ್ಳಬೇಡಿ, ಅದು ಬರೀ ನಾರಿನ ಒಗರು (ಟ್ಯಾನಿನ್).

ಡೇರೆ (ಡೇಲಿಯಾ) ಗೆಡ್ಡೆ ಕಾಪಿಡಲು ಇದು ಚೆನ್ನ, ಆದರೆ ಹದ ತಪ್ಪಬಾರದು. ಹೂ ಮುಗಿದು ಗಿಡ ಒಣಗಿದ ಮೇಲೆ ಕಾಂಡವನ್ನು ನಾಲ್ಕು ಬೆರಳಷ್ಟು ಉಳಿಸಿ ಕತ್ತರಿಸಿ, ಗೆಡ್ಡೆ ಅಗೆದು, ನೆರಳಲ್ಲಿ ಎರಡು ದಿನ ಆರಿಸಿ. ನೆನೆಸಿದ ಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಕೈ ಬಿಚ್ಚಿದರೆ ಉಂಡೆ ತಾನೇ ಉದುರಬೇಕು. ಅಷ್ಟೇ ತೇವವಿರಲಿ. ರಟ್ಟಿನ ಡಬ್ಬದಲ್ಲಿ ಪದರ ಪದರವಾಗಿ ಇಟ್ಟು, ತಂಪಾದ ಕತ್ತಲೆ ಮೂಲೆಗೆ ಸೇರಿಸಿ. ಪ್ಲಾಸ್ಟಿಕ್ ಬೇಡ, ಬೆವರಿ ಕೊಳೆಯುತ್ತದೆ. ಮೂರು ವಾರಕ್ಕೊಮ್ಮೆ ತೆರೆದು ನೋಡಿ: ಸುಕ್ಕಾಗಿದ್ದರೆ ನೀರು ಚಿಮುಕಿಸಿ, ಮೆತ್ತಗಾಗಿದ್ದರೆ ಆ ಭಾಗ ಕೊಯ್ದೆಸೆದು, ಗೆಡ್ಡೆ ಒಣಗಿಸಿ. ಪಾಲು ಮಾಡುವಾಗ ಪ್ರತಿ ಗೆಡ್ಡೆಗೂ ಕಾಂಡದ ಬುಡದ ಚೂರು, ಅದರಲ್ಲಿ ಒಂದು ಕಣ್ಣು ಇರಲೇಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರದು.

ಡೇರೆ ಕಡ್ಡಿ ನೆಡಲೂ ಪೀಟ್ ಆಗುತ್ತದೆ. ಗೆಡ್ಡೆಯ ಚಿಗುರು 3–4 ಇಂಚಾದಾಗ ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ಪೀಟಿನಲ್ಲಿ ಊರಿದರೆ ಎರಡು–ಮೂರು ವಾರಕ್ಕೆ ಬೇರು. ಬುಡದಲ್ಲೊಂದು ಗಿಣ್ಣು ಬಿಟ್ಟಿದ್ದರೆ ಗೆಡ್ಡೆ ಮತ್ತೆ ಚಿಗುರುತ್ತದೆ. ಪೀಟಿನಲ್ಲಿ ಸತ್ವ ಇಲ್ಲವೆನ್ನುವಷ್ಟು ಕಡಿಮೆ. ಬೇರು ಬಂದೊಡನೆ ಮಣ್ಣು–ಗೊಬ್ಬರಕ್ಕೆ ಬದಲಿಸಿ.

ಜೆರೇನಿಯಂಗೆ ಬರೀ ಕೊಕೊಪೀಟ್ ಆಗದು. ನಮ್ಮಲ್ಲಿ ಈ ಗಿಡಕ್ಕೆ ಕಂಟಕ ಚಳಿಯಲ್ಲ, ಮಳೆಗಾಲದ ತೇವ. ಪೀಟ್ ನೀರು ಹಿಡಿದಿಟ್ಟುಕೊಂಡು ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಹತ್ತಿದರೆ ಕಡ್ಡಿಯ ಬುಡ ಮಸಿಯಂತೆ ಕಪ್ಪಾಗಿ ಮೇಲಕ್ಕೇರುತ್ತದೆ. ಕಡ್ಡಿಯನ್ನು ಅರ್ಧ ದಿನ ನೆರಳಲ್ಲಿ ಬಾಡಿಸಿ, ಪೀಟಿಗೆ ಸಮಪಾಲು ದಪ್ಪ ಮರಳು ಬೆರೆಸಿ ನೆಟ್ಟು, ಸೂರಿನಡಿ ಬೆಳಕಿರುವಲ್ಲಿ ಇಡಿ. ಮೇಲೆ ಕವರ್ ಮುಚ್ಚಬೇಡಿ.

ಗೆಡ್ಡೆ ಇಡಲು ಮಾತ್ರ ಬೇಕಿದ್ದರೆ ದುಡ್ಡು ದಂಡ, ಒಣ ಮರಳೇ ಸಾಕು. ಕಡ್ಡಿ ನೆಡುವವರು ಧಾರಾಳವಾಗಿ ಕೊಳ್ಳಬಹುದು. ಕಡ್ಡಿ ಕಪ್ಪಾದ ಕುಂಡದ ಪೀಟನ್ನು ಮಾತ್ರ ಮತ್ತೆ ಬಳಸದೆ, ತೆಂಗಿನ ಬುಡಕ್ಕೆ ಸುರಿಯಿರಿ.