ಫಾರ್ಮ್ಯಾಟ್ ಮಾಡಿಸುವ ಮುಂಚೆ ಪ್ರಿಂಟರ್ ವೈರ್ ಎಲ್ಲಿಗೆ ಹೋಗಿದೆ ನೋಡಿ

ಕಂಪ್ಯೂಟರ್ ತಾನಾಗೇ ಆಫ್ ಆಗಿ ಆನ್ ಆಗುತ್ತಿದೆ ಎಂದು ಯಾರಾದರೂ ಅದನ್ನು ರಿಪೇರಿಗೆ ಹೊತ್ತುಕೊಂಡು ಹೊರಟಿದ್ದರೆ, ಒಂದು ನಿಮಿಷ ಕೂತು ಇದನ್ನು ಓದಿ. ನಮ್ಮದು ಮಂಡ್ಯದಲ್ಲಿ ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಸೊಸೈಟಿಯವರ ವಾರ್ಷಿಕ ವರದಿ, ಎಲ್ಲವೂ ಒಂದೇ ಕಂಪ್ಯೂಟರ್ ಮೇಲೆ. ಅದರಲ್ಲಿದ್ದ ವರ್ಷಗಳ ಕೆಲಸವನ್ನು ರಿಪೇರಿಯವರು ಒಂದೇ ಮಧ್ಯಾಹ್ನದಲ್ಲಿ ಅಳಿಸಿದರು. ದುಡ್ಡೂ ತೆಗೆದುಕೊಂಡರು. ತೊಂದರೆ ಮಾತ್ರ ಹಾಗೇ ಉಳಿಯಿತು. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥವರು ಎಲ್ಲ ಊರಲ್ಲೂ ಇದ್ದಾರೆ.

ಆಗುತ್ತಿದ್ದದ್ದು ಹೀಗೆ. ಕಾರ್ಡು ಡಿಸೈನ್ ಮಾಡುವ ಕೋರೆಲ್‌ಡ್ರಾದಲ್ಲಿ ಕೆಲಸ ನಡೆಯುತ್ತಿರುತ್ತದೆ. ಪಟ್ ಅಂತ ಸ್ಕ್ರೀನ್ ಕಪ್ಪಾಗಿ, ಮತ್ತೆ ಲೋಗೋ ಬಂದು ಎಲ್ಲ ಮೊದಲಿನಿಂದ ಶುರು. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಕರೆಂಟೂ ಹೋಗಿಲ್ಲ, ತಲೆ ಮೇಲೆ ಫ್ಯಾನು ತಿರುಗುತ್ತಲೇ ಇದೆ. ಕೆಲವು ದಿನ ಏನೂ ಆಗುವುದಿಲ್ಲ. ಕೆಲವು ದಿನ ಮೇಲಿಂದ ಮೇಲೆ.

ರಿಪೇರಿ ಹುಡುಗ ಆನ್ ಮಾಡಿ ನೋಡಿದ್ದೇ ತಡ, "ವೈರಸ್ ಕಣಕ್ಕ, ಫಾರ್ಮ್ಯಾಟ್ ಹೊಡುದ್ರೆ ಸರಿ ಹೋಯ್ತದೆ" ಎಂದ. ಡೆಸ್ಕ್‌ಟಾಪ್ ಮೇಲಿರುವ ಫೋಲ್ಡರ್‌ಗಳು ಬೇಕು, ಮೊದಲು ಬ್ಯಾಕಪ್ ತೆಗೀರಿ ಎಂದು ಹೇಳಿಯೇ ಬಂದಿದ್ದೆ. ಸಂಜೆ ಹೋದರೆ ಹೊಸ ವಿಂಡೋಸ್, ಖಾಲಿ ಡೆಸ್ಕ್‌ಟಾಪ್. "ಅಯ್ಯೋ, ಸಿ ಡ್ರೈವಲ್ಲಿ ಮಡಗಿದ್ರಾ?" ಎಂದು ನನ್ನನ್ನೇ ಕೇಳಿದ. ಡೆಸ್ಕ್‌ಟಾಪ್ ಮೇಲಿನದೆಲ್ಲ ಮಾಮೂಲಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ ಅಲ್ವಾ? ಅಷ್ಟೂ ಗೊತ್ತಿಲ್ಲದವನ ಕೈಗೆ ಬೇರೆಯವರ ಕಂಪ್ಯೂಟರ್ ಯಾಕೆ ಕೊಡುತ್ತಾರೋ.

ಫೈಲುಗಳನ್ನು ವಾಪಸ್ ತೆಗೆಸಬಹುದಾ ಎಂದು ವಿಚಾರಿಸಿದೆ. ಹಳೇ ಕಾಲದ ಹಾರ್ಡ್‌ಡಿಸ್ಕ್ ಆಗಿದ್ದು, ಅದರ ಮೇಲೆ ಹೊಸದೇನೂ ಬರೆಯದಿದ್ದರೆ ಒಂದಷ್ಟಾದರೂ ಸಿಗುವ ಆಸೆ ಇರುತ್ತದೆ. ನಮ್ಮದು ಎಸ್‌ಎಸ್‌ಡಿ, ಚಿಪ್‌ನಲ್ಲಿ ಫೈಲ್ ಇಡುವ ಹೊಸ ಬಗೆಯದು. ಅದರಲ್ಲಿ ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನೇ ಒರೆಸಿ ಖಾಲಿ ಮಾಡಿಬಿಡುತ್ತದೆ. ಅಲ್ಲಿಗೆ ಮುಗಿಯಿತು. ಕನ್ನಡ ಟೈಪಿಂಗಿನ ನುಡಿ ಫಾಂಟುಗಳೂ ಹೋಗಿದ್ದವು. ಪೆನ್‌ಡ್ರೈವ್‌ನಲ್ಲಿ ಉಳಿದಿದ್ದ ಹಳೇ ಕಾರ್ಡು ತೆರೆದರೆ ಮದುಮಗನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದೇನೋ ನುಡಿ ಮತ್ತೆ ಹಾಕಿಕೊಂಡರೆ ಸರಿಯಾಗುತ್ತದೆ, ಬಿಡಿ.

ತಂದು ಜೋಡಿಸಿದ ಮೇಲೆ ಮತ್ತೆ ಅದೇ ರೀಸ್ಟಾರ್ಟ್. ವಾಪಸ್ ಒಯ್ದರೆ ಈಗ ರ‍್ಯಾಮ್ ಹೋಗಿದೆ ಎಂದರು, ಹೊಸದು ಹಾಕಿದರು. ಆಮೇಲೆ ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ ಒಳಗೆ ಎಲ್ಲದಕ್ಕೂ ಕರೆಂಟ್ ಕೊಡುವ ಡಬ್ಬ, ಬದಲಾಯಿಸಿದರು. ಕೊನೆಗೆ "ಮದರ್‌ಬೋರ್ಡೇ ವೀಕಾಗ್ಬುಟ್ಟದೆ, ಹೊಸ ಸೆಟ್ ತಗಂಡ್ಬುಡಿ" ಎಂಬಲ್ಲಿಗೆ ಬಂತು. ಇದರಲ್ಲಿ ನನಗೆ ಸಿಟ್ಟು ತರಿಸಿದ್ದು ಇದು: ಪ್ರತಿ ಸಲವೂ ಅವರ ಟೇಬಲ್ ಮೇಲೆ ಕಂಪ್ಯೂಟರ್ ಇಡೀ ದಿನ ಚೆನ್ನಾಗಿ ಓಡುತ್ತಿತ್ತು. "ಇಲ್ಲಿ ಏನೂ ಆಗ್ನಿಲ್ಲ ನೋಡಿ" ಎಂದು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಅಲ್ಲಿ ಸರಿ, ನಮ್ಮಲ್ಲಿ ಇಲ್ಲ ಎಂದರೆ ದೋಷ ಕ್ಯಾಬಿನೆಟ್ ಒಳಗಿದೆಯೋ ಹೊರಗಿದೆಯೋ? ಒಂದೇ ಒಂದು ಸಲ ಬಂದು ನಮ್ಮ ಪ್ಲಗ್ ನೋಡಲಿಲ್ಲ.

ಸುಳಿವು ಕೊಟ್ಟವಳು ನಮ್ಮಲ್ಲಿ ಟೈಪಿಂಗ್ ಮಾಡುವ ಹುಡುಗಿ. "ಅಕ್ಕ, ಪ್ರಿಂಟ್ ಕೊಟ್ಟಾಗ್ಲೇ ಹೋಗೋದು. ಅದೂ ತುಂಬ ಹೊತ್ತು ಸುಮ್ನೆ ಇದ್ದು ಕೊಟ್ರೆ. ಒಂದರ ಹಿಂದೆ ಒಂದು ಕೊಡ್ತಿದ್ರೆ ಏನೂ ಆಗಲ್ಲ" ಎಂದಳು. ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗನನ್ನು ಕರೆದು ಇದನ್ನೇ ಹೇಳಿದೆವು. ಅವನು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ತೆರೆದ. ಕೆಂಪು ಗುರುತಿನ ಸಾಲುಗಳು, ಕರ್ನಲ್ ಪವರ್, ನಂಬರ್ 41. ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ಮತ್ತೆ ಶುರುವಾಗಿದೆ ಎಂದು ವಿಂಡೋಸ್ ಬರೆದಿಡುವ ದಾಖಲೆ ಅದು. ಅದರ ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ ಅಂತ ಇರುತ್ತದೆ. ಅಲ್ಲಿ 0 ಬಿಟ್ಟು ಬೇರೆ ಅಂಕಿ ಇದ್ದರೆ ವಿಂಡೋಸ್ ಕ್ರ್ಯಾಶ್ ಆಗಿದೆ, ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. 0 ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡಲು ಪುರಸೊತ್ತೇ ಸಿಕ್ಕಿಲ್ಲ. ಹೆಚ್ಚಾಗಿ ಪವರ್ ತಪ್ಪಿದಾಗ ಹೀಗಾಗುತ್ತದೆ. ನಮ್ಮದರಲ್ಲಿ ಎಲ್ಲ ಕಡೆ 0. ಟೈಮ್ ನೋಡಿದರೆ ಪ್ರಿಂಟ್ ಕೊಟ್ಟ ಹೊತ್ತು.

ಫಾರ್ಮ್ಯಾಟ್ ಮಾಡಿದಾಗ ಇದಕ್ಕೂ ಮುಂಚಿನ ದಾಖಲೆಯೆಲ್ಲ ಹೋಗಿತ್ತು. ಮೊದಲ ದಿನವೇ ಆ ಪುಟ ತೆರೆದಿದ್ದರೆ ಯಾವ ಖರ್ಚೂ ಇರುತ್ತಿರಲಿಲ್ಲ.

ಅವನು ಮೇಜಿನ ಕೆಳಗೆ ಬಗ್ಗಿ ನೋಡಿ ನಕ್ಕ. ಲೇಸರ್ ಪ್ರಿಂಟರ್ ವೈರೂ ಕಂಪ್ಯೂಟರಿನ ಯುಪಿಎಸ್‌ಗೇ (ಕರೆಂಟ್ ಹೋದಾಗ ಬ್ಯಾಟರಿಯಿಂದ ಓಡಿಸುವ ಡಬ್ಬ) ಹೋಗಿತ್ತು. ಯುಪಿಎಸ್ ಮಾರಿ, ಬಂದು, ಎಲ್ಲ ವೈರ್ ಅದಕ್ಕೇ ಜೋಡಿಸಿಕೊಟ್ಟವರೂ ಅದೇ ಅಂಗಡಿಯವರು! ಲೇಸರ್ ಪ್ರಿಂಟರ್ ಒಳಗೆ ಟೋನರ್ ಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಫ್ಯೂಸರ್ ಇರುತ್ತದೆ. ತಣ್ಣಗಾಗಿದ್ದ ಫ್ಯೂಸರ್ ಬಿಸಿಯಾಗುವಾಗ ಸಣ್ಣ ಪ್ರಿಂಟರ್ ಕೂಡ ಕೆಲವು ಕ್ಷಣ ನೂರಾರು ವ್ಯಾಟ್ ಎಳೆಯುತ್ತದೆ, ಕೆಲವು ಪ್ರಿಂಟರ್‌ಗಳು ಒಂದು ಸಾವಿರದ ಹತ್ತಿರ ಹೋಗುತ್ತವೆ. ಅಂಗಡಿಗಳಲ್ಲಿ ಇಡುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗೋಡೆಯ ಪ್ಲಗ್‌ಗೆ ಅದು ಲೆಕ್ಕವಲ್ಲ, ಯುಪಿಎಸ್‌ಗೆ ಮಾತ್ರ ತಡೆಯುವುದಿಲ್ಲ. ಔಟ್‌ಪುಟ್ ಒಂದು ಕ್ಷಣ ಕುಸಿದರೂ ಎಸ್‌ಎಂಪಿಎಸ್ ಬೋರ್ಡಿಗೆ ಕೊಡುತ್ತಿರುವ "ಪವರ್ ಸರಿ ಇದೆ" ಎಂಬ ಸಿಗ್ನಲ್ ನಿಲ್ಲುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ. ಸಾಲಾಗಿ ಪ್ರಿಂಟ್ ಕೊಡುವಾಗ ಫ್ಯೂಸರ್ ಬಿಸಿಯಾಗಿಯೇ ಇರುವುದರಿಂದ ಅಷ್ಟು ಎಳೆಯುವುದಿಲ್ಲ. ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ಲೇಸರ್ ಪ್ರಿಂಟರ್ ಹಾಕಬೇಡಿ ಎಂದು ಎಷ್ಟೋ ಯುಪಿಎಸ್‌ಗಳ ಕೈಪಿಡಿಯಲ್ಲೇ ಬರೆದಿರುತ್ತಾರೆ.

ಪ್ರಿಂಟರನ್ನು ಗೋಡೆಯ ಪ್ಲಗ್‌ಗೆ ಹಾಕಿದೆವು. ಅಷ್ಟೇ. ನಿಂತುಹೋಯಿತು.

ನಿಮ್ಮ ಮನೆಯಲ್ಲಿ ಲೇಸರ್ ಪ್ರಿಂಟರ್ ಇಲ್ಲದೆಯೂ ಹೀಗಾಗಬಹುದು. ಆಗಲೂ ಮೊದಲು ಯುಪಿಎಸ್ ಬಿಟ್ಟು ನೇರವಾಗಿ ಗೋಡೆಗೆ ಹಾಕಿ ಓಡಿಸಿ ನೋಡಿ. ಯುಪಿಎಸ್ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಆಮೇಲೆ ಕರೆಂಟ್ ಮಿಣುಕಿದರೂ ಸಾಕು, ಕಂಪ್ಯೂಟರ್ ಬಿದ್ದುಹೋಗುತ್ತದೆ. ನೇರವಾಗಿ ಹಾಕಿದಾಗಲೂ ನಿಲ್ಲದಿದ್ದರೆ ಪರಿಚಯದವರ ಹತ್ತಿರ ಒಳ್ಳೆಯ ಎಸ್‌ಎಂಪಿಎಸ್ ಇಸ್ಕೊಂಡು ಹಾಕಿ ನೋಡಬಹುದು. ಅದರ ಡಬ್ಬ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ. ರ‍್ಯಾಮ್ ಮೇಲೆ ಅನುಮಾನವಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆ ವಿಂಡೋಸ್ ಜೊತೆಗೇ ಬಿಟ್ಟಿ ಸಿಗುತ್ತದೆ. ಇನ್ನೊಂದು, ನೀಲಿ ಸ್ಕ್ರೀನ್ ಓದುವಷ್ಟರಲ್ಲಿ ಮಾಯವಾಗುತ್ತಿದ್ದರೆ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಎದುರಿನ ಟಿಕ್ ತೆಗೆಯಿರಿ. ಆಗ ಎರರ್ ಸ್ಕ್ರೀನ್ ಮೇಲೇ ನಿಲ್ಲುತ್ತದೆ, ಮೊಬೈಲಲ್ಲಿ ಫೋಟೊ ತೆಗೆದುಕೊಳ್ಳಬಹುದು.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ, ಡೇಟಾ ಇದೆ, ಅಳಿಸಬಾರದು ಎಂದು ಅವರ ಚೀಟಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬದಲಾಯಿಸಿದ ಹಳೇ ಪಾರ್ಟ್ ಅಲ್ಲೇ ಕೈಗೆ ಇಸ್ಕೊಳ್ಳಿ. ನಮ್ಮ ಹಳೇ ರ‍್ಯಾಮ್ ಮತ್ತು ಎಸ್‌ಎಂಪಿಎಸ್‌ನಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಈಗ ಗೊತ್ತಾಗಿದೆ ಅಲ್ವಾ, ಕೇಳಲು ಹೋದೆ. "ಅವೆಲ್ಲ ಗುಜರಿಗೆ ಹೋದ್ವಲ್ಲಕ್ಕ" ಎಂದರು. ಬಿಲ್ ಕೇಳಿದ್ದಕ್ಕೆ ಒಂದು ಹಾಳೆಯಲ್ಲಿ "ಸರ್ವೀಸ್" ಎಂದಷ್ಟೇ ಬರೆದು ಮೊತ್ತ ಹಾಕಿಕೊಟ್ಟರು. ಅದನ್ನೇ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುವವಳಿದ್ದೇನೆ.