ಅಗ್ಗದ 0.3 ಏರ್‌ಬ್ರಷ್: ಪ್ಯಾಂಥರ್, ಟೈಗರ್‌ಗೆ ಸಾಕಾ?

ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಮಾರುವ ಅದೇ ಏರ್‌ಬ್ರಷ್ ಇದು, ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ. 0.3 ಮಿ.ಮೀ. ನಾಜಲ್, ಮೇಲೆ ಬಣ್ಣದ ಪುಟ್ಟ ಬಟ್ಟಲು, ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಜೊತೆಗೆ ಗಾಳಿ ತುಂಬಿಡುವ 3 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್. ಕೆಲವು ವರ್ಷಗಳಿಂದ ಎರಡನೇ ಮಹಾಯುದ್ಧದ ಪ್ಯಾಂಥರ್, ಟೈಗರ್‌ನಂಥ ಜರ್ಮನ್ ಟ್ಯಾಂಕ್‌ಗಳ 1/35 ಅಳತೆಯ ಮಾಡೆಲ್‌ಗಳಿಗೆ ಇದರಲ್ಲೇ ಬಣ್ಣ ಹೊಡೆಯುತ್ತಿದ್ದೇನೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಬಿಡಿಭಾಗಕ್ಕೆ ಮಾತ್ರ ಪರದಾಡಬೇಕು.

ನಿಮ್ಮದು 1941-42ರಲ್ಲಿ ರಷ್ಯಾದಲ್ಲಿ ಕಾದಿದ ಜರ್ಮನ್ ಗಾಡಿಯಾದರೆ ಇದು ಬೇಕೇ ಬೇಕು ಅಂತೇನಿಲ್ಲ. ಆಗ ಮೈಗೆಲ್ಲ ಒಂದೇ ಕಡು ಬೂದು, ಸ್ಪ್ರೇ ಡಬ್ಬಿ ಸಾಕು. ಕಷ್ಟ ಶುರುವಾಗುವುದು 1943ರ ಫೆಬ್ರವರಿಯಿಂದ. ಬುಡದ ಬಣ್ಣ ಕಡು ಹಳದಿಗೆ ತಿರುಗಿತು. ಹಸಿರು, ಕೆಂಗಂದು ಬಣ್ಣಗಳನ್ನು ಪೇಸ್ಟ್ ಮಾಡಿ ಡಬ್ಬಿಯಲ್ಲಿ ಪಡೆಗಳಿಗೆ ಕೊಡುತ್ತಿದ್ದರು, ಟ್ಯಾಂಕಿನವರು ಅದನ್ನು ಪೆಟ್ರೋಲಲ್ಲೋ ನೀರಲ್ಲೋ ಕದಡಿ, ಸ್ಪ್ರೇ ಗನ್ ಸಿಕ್ಕರೆ ಅದರಲ್ಲೇ ಹಳದಿಯ ಮೇಲೆ ಪಟ್ಟೆ ಹೊಡೆಯುತ್ತಿದ್ದರು. ಹಾಗಾಗಿ ಪಟ್ಟೆಯ ಅಂಚು ಮಸುಕು, ಒಂದು ಕಡೆ ದಟ್ಟ, ಇನ್ನೊಂದು ಕಡೆ ಒಳಗಿನ ಹಳದಿ ಇಣುಕುವಷ್ಟು ತೆಳು. ನಿಜವಾದ ಟ್ಯಾಂಕಿನಲ್ಲಿ ಆ ಮಸುಕು 5 ಸೆಂ.ಮೀ. ಅಗಲ ಇದ್ದರೆ ಮಾಡೆಲ್‌ನಲ್ಲಿ ಒಂದೂವರೆ ಮಿ.ಮೀ. ಕೂಡ ಬರುವುದಿಲ್ಲ. ಕೈ ಬ್ರಷ್‌ನಲ್ಲಿ ಅದನ್ನು ತರುವುದು ಸುಮ್ನೆ ಮಾತಲ್ಲ.

ಈ ಏರ್‌ಬ್ರಷ್ ಅದನ್ನು ತರುತ್ತದೆ. ತಮಿಯಾ ಕಂಪನಿಯ ಎಕ್ಸ್‌ಎಫ್-60 ಹಳದಿ ಪೂರ್ತಿ ಒಣಗಿದ ಮೇಲೆ, ಪಟ್ಟೆಗೆ ಒಂದು ಪಾಲು ಬಣ್ಣ, ಎರಡು ಪಾಲು ಲ್ಯಾಕರ್ ಥಿನ್ನರ್ (ಬಣ್ಣ ತೆಳು ಮಾಡುವ ದ್ರಾವಣ), ಒತ್ತಡ 15 ಪಿಎಸ್‌ಐ ಆಸುಪಾಸು, ನಾಜಲ್ ಮೈಗೆ ತೀರಾ ಹತ್ತಿರ. ದೂರ ಹಿಡಿದರೆ ಸುತ್ತಲೂ ಹಸಿರು ಪುಡಿ ಉದುರಿ ಹಳದಿ ಕೊಳಕಾಗುತ್ತದೆ. ಇನ್ನೂ ತೆಳು ಮಾಡಿದರೆ ಗಾಳಿಗೆ ಬಣ್ಣ ಜೇಡನ ಕಾಲಿನ ಹಾಗೆ ಸೀಳಿ ಓಡುತ್ತದೆ. ಪ್ಯಾಂಜರ್ 4 ಟ್ಯಾಂಕಿನ ಪಕ್ಕದ ತಗಡುಗಳನ್ನು ಬ್ಲೂಟ್ಯಾಕ್‌ನಲ್ಲಿ (ಮತ್ತೆ ಕೀಳಬಹುದಾದ ಅಂಟುಮುದ್ದೆ) ಅಂಟಿಸಿಕೊಂಡೇ ಹೊಡೆಯುತ್ತೇನೆ, ಪಟ್ಟೆ ತಗಡಿನಿಂದ ಮೈಗೆ ಹಾಗೇ ಮುಂದುವರಿಯುತ್ತದೆ. ಆಮೇಲೆ ಒಂದು ತಗಡು ಕಿತ್ತರೆ ಹಿಂದೆ ಬರೀ ಹಳದಿ. ಚೆಂದ ಕಾಣುತ್ತದೆ, ಅಲ್ವಾ!

1944ರ ಕೊನೆಯ ಪ್ಯಾಂಥರ್‌ಗಳ ಚುಕ್ಕಿ ಬಣ್ಣಕ್ಕೆ ಮಾತ್ರ ಇದನ್ನು ನಂಬಬೇಡಿ. ಆ ಚುಕ್ಕಿಗಳಿಗೆ ಸಣ್ಣ ಬ್ರಷ್ಷೇ ಸರಿ.

ಈಗ ಬೈಗುಳ. ಒಳಗಿನ ರಬ್ಬರ್ ರಿಂಗ್‌ಗಳಿಗೆ ಲ್ಯಾಕರ್ ಥಿನ್ನರ್ ಆಗಿಬರುವುದಿಲ್ಲ. ಉಬ್ಬಿ, ಗುಂಡಿ ಬಿಗಿಯಾಯಿತು. ಮಾರಿದವರಿಗೆ ಬರೆದರೆ 'ಹೊಸದು ತಗೊಳ್ಳಿ ಸರ್' ಅಂದರು! ಕೊನೆಗೆ ಟೆಫ್ಲಾನ್ ರಿಂಗ್ ಹುಡುಕಿ ಹಾಕಿಕೊಂಡೆ, ಆಮೇಲೆ ತಕರಾರಿಲ್ಲ. ನಾಜಲ್ ಅಕ್ಕಿಕಾಳಿಗಿಂತ ಚಿಕ್ಕದು, ಅದರ ತಿರುಪಿನ ಸುತ್ತು ಇನ್ನೂ ಸೂಕ್ಷ್ಮ. ಕೊಟ್ಟಿರುವ ಸ್ಪ್ಯಾನರ್‌ನಲ್ಲಿ ಸ್ವಲ್ಪ ಜಾಸ್ತಿ ತಿರುಗಿಸಿದರೂ ಮುರಿದು ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ಪೈಪಿನಲ್ಲಿ ನೀರು ಕೂರುತ್ತದೆ, ಪಟ್ಟೆ ಎಳೆಯುತ್ತಿರುವಾಗಲೇ ಒಂದು ಹನಿ ಪುಳಕ್ ಅಂತ ಟರೆಟ್ (ಫಿರಂಗಿ ಇರುವ ಮೇಲಿನ ಭಾಗ) ಮೇಲೆ. ಕಂಪ್ರೆಸರ್‌ನಲ್ಲಿ ನೀರು ಹಿಡಿದಿಡುವ ಬಟ್ಟಲು ಒಂದೇ ಸಾಲದು, ಹಿಡಿಯ ಕೆಳಗೆ ಇನ್ನೊಂದು ಪುಟ್ಟ ಫಿಲ್ಟರ್ ಹಾಕಿ.

ಗಾಳಿ ಟ್ಯಾಂಕ್ ಇಲ್ಲದ ಕಂಪ್ರೆಸರ್ ಅಗ್ಗ ಅಂತ ತಗೊಳ್ಳಬೇಡಿ, ಗಾಳಿ ಮಿಡಿಯುತ್ತದೆ, ಸಣ್ಣ ಗೆರೆ ನಡುಗುತ್ತದೆ. ಥಿನ್ನರ್ ಆವಿಗೆ ಬಟ್ಟೆ ಮಾಸ್ಕ್ ಸಾಲದು, ಇದ್ದಿಲು ಫಿಲ್ಟರ್ ಇರುವುದೇ ಬೇಕು. ನನ್ನ ಲೆಕ್ಕದಲ್ಲಿ 5ಕ್ಕೆ 4. ಆ ಒಂದು ಅಂಕ ಹೋಗಿದ್ದು ರಬ್ಬರ್ ರಿಂಗ್‌ಗೆ.