ತೋಟದ ಲೆಕ್ಕಕ್ಕೆ ಟಿಕಿಂಟರ್: ಕಲಿತು, ಬಳಸಿ, ಹೇಳುತ್ತಿರುವುದು

ಪೈಥಾನ್‌ನಲ್ಲಿ ಇಫ್, ಲೂಪ್, ಫಂಕ್ಷನ್ ಅಂತ ಒಂದಷ್ಟು ಕಲಿತ ಮೇಲೆ ಕಪ್ಪು ಪರದೆ ಬೇಸರ ಬರುತ್ತದೆ, ಬಟನ್ ಇರುವ ವಿಂಡೋ ಬೇಕೆನಿಸುತ್ತದೆ. ನಾನು ಅದಕ್ಕೆ ಪೈಥಾನ್‌ನಲ್ಲಿ ವಿಂಡೋ ಮಾಡಿಕೊಡುವ ಲೈಬ್ರರಿ ಟಿಕಿಂಟರ್ ಹಿಡಿದೆ. ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಕೊಯ್ಲಿನ ತೂಕ, ಬಟವಾಡೆ ಲೆಕ್ಕ ಈಗಲೂ ಅದರಲ್ಲೇ ನಡೆಯುತ್ತಿದೆ.

ಇದನ್ನೇ ಆರಿಸಲು ಕಾರಣ ಮಳೆ. ಜುಲೈನಲ್ಲಿ ಇಲ್ಲಿ ಕರೆಂಟು ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಹಾಕಿದರೆ ಟಿಕಿಂಟರ್ ಜೊತೆಗೇ ಬರುತ್ತದೆ, ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. (ಉಬುಂಟುವಿನಲ್ಲಿ ಮಾತ್ರ ಪ್ರತ್ಯೇಕ ಪ್ಯಾಕೇಜ್ ಹಾಕಬೇಕು.) ಪೈಥಾನ್ ಜೊತೆ ಸಿಗುವ ಐಡಲ್ ಎಡಿಟರ್ ಕೂಡ ಟಿಕಿಂಟರ್‌ನಲ್ಲೇ ಬರೆದದ್ದು.

ಲೇಬಲ್ (ಬರಹ), ಎಂಟ್ರಿ (ಟೈಪ್ ಮಾಡುವ ಪೆಟ್ಟಿಗೆ), ಬಟನ್ ಇಡುವುದು ಒಂದು ಸಂಜೆಯ ಕೆಲಸ. ತಲೆ ಕೆಡಿಸುವುದು ಬೇರೆಯೇ. ಅಲ್ಲಿಯವರೆಗೆ ನಾವು ಬರೆದ ಪ್ರೋಗ್ರಾಂ ಮೇಲಿಂದ ಕೆಳಗೆ ಓಡಿ ಮುಗಿಯುತ್ತಿತ್ತು. ಇಲ್ಲಿ ಮೇನ್‌ಲೂಪ್ ಎಂಬ ಕಾಯುವ ಸುತ್ತಿಗೆ ಬಂದು ಕಾಯುತ್ತಾ ಕೂರುತ್ತದೆ, ಯಾರಾದರೂ ಒತ್ತಿದರಷ್ಟೇ ಏಳುತ್ತದೆ. ಬಟನ್‌ಗೆ ಫಂಕ್ಷನ್ ಹೆಸರು ಕೊಡುವಾಗ ಮುಂದೆ ಆವರಣ ಚಿಹ್ನೆ ಹಾಕಿದರೆ ವಿಂಡೋ ತೆರೆಯುವ ಮೊದಲೇ ಆ ಕೆಲಸ ನಡೆದುಹೋಗಿರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಸುದ್ದಿಯಿಲ್ಲ. ಮಧ್ಯೆ ಸ್ವಲ್ಪ ಹೊತ್ತು ಕಾಯಿಸಲು ಟೈಮ್ ಸ್ಲೀಪ್ ಹಾಕಿದರೆ ಇಡೀ ವಿಂಡೋ ಮರಗಟ್ಟುತ್ತದೆ. ‘ಆಫ್ಟರ್’ ಎಂಬ ಮೆಥಡ್‌ಗೆ ಮಿಲಿಸೆಕೆಂಡ್ ಕೊಟ್ಟು ಮಾಡಿಸಬೇಕು. ಈ ಮೂರು ಹಿಡಿತಕ್ಕೆ ಬಂದರೆ ಮುಂದೆ ವಿಂಡೋ ಮಾಡುವ ಬೇರೆ ಯಾವ ಟೂಲ್‌ಕಿಟ್‌ಗೆ ಹೋದರೂ ದಾರಿ ಸಲೀಸು.

ಇನ್ನೊಂದು, ಎಂಟ್ರಿ ಪೆಟ್ಟಿಗೆ ಕೊಡುವುದು ಯಾವಾಗಲೂ ಪಠ್ಯವೇ. ನಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬ ಕೆಲಸಗಾರರ ಹೆಸರಿನ ಮುಂದೆ ಬೆಳಗಿನ ಹಣ್ಣು 42 ಕೆಜಿ, ಸಂಜೆಯದು 38 ಅಂತ ಹಾಕುತ್ತಾರೆ ಅನ್ನಿ. ಹಾಗೇ ಕೂಡಿದರೆ ಬರುವುದು 4238. ಆ ಕೂಲಿ ಕೊಡಲು ತೋಟವನ್ನೇ ಮಾರಬೇಕು! ಫ್ಲೋಟ್‌ಗೆ, ಅಂದರೆ ದಶಮಾಂಶ ಸಂಖ್ಯೆಗೆ ತಿರುಗಿಸಿದರೆ ಸರಿಯಾಗಿ 80. ಖುಷಿಯ ಸಂಗತಿಯೆಂದರೆ ೪೨ ಅಂತ ಕನ್ನಡ ಅಂಕಿಯಲ್ಲಿ ಬರೆದರೂ ಪೈಥಾನ್ ಅದನ್ನು ಸಂಖ್ಯೆಯಾಗಿಯೇ ಓದುತ್ತದೆ.

ರೂಪದ ಬಗ್ಗೆ ಹೊಗಳಲಾರೆ. ಇದರ ಬುಡದಲ್ಲಿರುವ ಟೂಲ್‌ಕಿಟ್ ಟಿಕೆ, ಜಾನ್ ಆಸ್ಟರ್‌ಹೌಟ್ ಟಿಸಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆಂದು ಬಹಳ ಹಿಂದೆಯೇ ಮಾಡಿದ್ದು. ಆ ವಯಸ್ಸು ಮುಖದಲ್ಲಿ ಕಾಣುತ್ತದೆ. ಅದರಲ್ಲೇ ಇರುವ ಹೊಸ ರೂಪದ ಟಿಟಿಕೆ ವಿಜೆಟ್ (ಬಟನ್, ಪೆಟ್ಟಿಗೆ ಮುಂತಾದವು) ಬಳಸಿದರೆ ವಾಸಿ. ವಿಜೆಟ್‌ಗಳನ್ನು ಜೋಡಿಸುವ ಎರಡು ವಿಧಾನಗಳಾದ ಪ್ಯಾಕ್, ಗ್ರಿಡ್ ಒಂದೇ ಫ್ರೇಮ್‌ನಲ್ಲಿ ಬೆರೆಸಿದರೆ ಎರರ್ ಗ್ಯಾರಂಟಿ, ಹೊಸಬರು ಗ್ರಿಡ್ ಒಂದನ್ನೇ ನಂಬುವುದು ಒಳ್ಳೆಯದು. ಜೆಪೆಗ್ ಚಿತ್ರ ಬೇಕೆಂದರೆ ಪಿಲ್ಲೋ ಲೈಬ್ರರಿ ಹಾಕಲೇಬೇಕು.

ಹೆಚ್ಚು ಅಂದದ, ದೊಡ್ಡ ಆ್ಯಪ್ ಮಾಡುವ ಆಸೆಯಿದ್ದವರು ಕ್ಯೂಟಿ ಎಂಬ ಟೂಲ್‌ಕಿಟ್ ಕಡೆಗೆ ಹೋಗಿ, ಪೈಥಾನ್‌ನಿಂದ ಅದನ್ನು ಬಳಸಲು ಪೈಸೈಡ್ ಇದೆ. ಮೊದಲ ವಿಂಡೋಗೆ ಮಾತ್ರ ನನ್ನ ಓಟು ಟಿಕಿಂಟರ್‌ಗೇ. ಪ್ರಿಂಟ್ ತೆಗೆಯುವ ಸೌಲಭ್ಯ ಇದರಲ್ಲಿ ಇಲ್ಲದಿರುವುದೊಂದು ನಮಗೆ ತಲೆನೋವು. ಬಟವಾಡೆ ಚೀಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಮಾಡಿ, ಎಕ್ಸೆಲ್‌ನಲ್ಲಿ ತೆರೆದು ಪ್ರಿಂಟ್ ಕೊಡುತ್ತಿದ್ದೇವೆ.